ಅಕ್ಕೋರ ಬಸವಣ್ಣ ಹೊಳೆ ದಾಟಿದ್ದು

ಅಕ್ಕೋರ ಅಂಗೈ ಎತ್ತಿನ ಗೊರಸಿನ ಹಾಗೆ ದಡ್ಡುಗಟ್ಟಿತ್ತು. ಅದೇ ಕೈ ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ದಾರ ಹೊಗಿಸುತ್ತಿತ್ತು. ನಾನಾದರೆ ಎಂಜಲು ಹಚ್ಚಿ, ಕಣ್ಣು ಕಿರಿದು ಮಾಡಿ, ನಾಲ್ಕು ಸಲ ತಪ್ಪಿ ಕೊನೆಗೆ ಅವರ ಕೈಗೇ ಕೊಡುತ್ತಿದ್ದೆ. ಎರಡು ವರ್ಷದ ಕೂಸಿದ್ದಾಗ ಬಂದ ಜ್ವರ ಅವರ ಎರಡೂ ಕಾಲುಗಳ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಮನೆಯೊಳಗೆ ಅಂಗೈ ಊರಿ ಸರಿಯುತ್ತಿದ್ದರು. ಹೊರಗೆ ಹೋಗಲು ಮೂರು ಗಾಲಿಯ ಸೈಕಲ್ ಇತ್ತು, ಪೆಡಲನ್ನು ಕೈಯಿಂದ ತಿರುಗಿಸುವಂಥದ್ದು. ಅದನ್ನು ಅವರು ‘ನಮ್ಮ ಬಸವಣ್ಣ’ ಎಂದೇ ಕರೆಯುತ್ತಿದ್ದರು. ಕಾರಹುಣ್ಣಿಮೆಯ ದಿನ ಊರವರು ಎತ್ತುಗಳ ಕೋಡಿಗೆ ಬಣ್ಣ ಹಚ್ಚಿದರೆ ಇವರು ಸೈಕಲ್ಲಿನ ಹಿಡಿಕೆಗೆ ಕೆಂಪು ಬಣ್ಣ ಬಳಿದು, ಗೊಂಡೆ ಕಟ್ಟಿ, ಹೋಳಿಗೆ ಎಡೆ ಹಿಡಿಯುತ್ತಿದ್ದರು.

“ಮೇವು ಕೇಳಂಗಿಲ್ಲ, ಹಾಯಂಗಿಲ್ಲ. ಇಂಥಾ ಎತ್ತು ಊರಾಗ ಯಾರ ಮನ್ಯಾಗೈತಿ ಹೇಳು?” ಎನ್ನುತ್ತಿದ್ದರು.

ನಾನು ಕೊಟ್ಟೂರಿನ ಮಗಳು. ತೊಂಬತ್ತರ ದಶಕದ ನಡುವಿನಲ್ಲಿ ಹಡಗಲಿ ತಾಲೂಕಿನ ತುಂಗಭದ್ರೆಯ ದಂಡೆಯ ಊರಿಗೆ ಸೊಸೆಯಾಗಿ ಬಂದೆ. ನಮ್ಮ ಮನೆಗೆ ಗೋಡೆ ಹಚ್ಚಿಕೊಂಡೇ ಅಕ್ಕೋರ ಮನೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುವುದು ರೂಢಿ. ಇವರು ಶಾಲೆಯ ಅಕ್ಕೋರಲ್ಲ, ತಮ್ಮ ಪಡಸಾಲೆಯಲ್ಲಿ ಕೈಮಷಿನ್ನು ಇಟ್ಟುಕೊಂಡು ಊರ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದವರು. ಆದರೂ ಪಂಚಾಯ್ತಿ ಮೆಂಬರಿನಿಂದ ಹಿಡಿದು ಕುರಿ ಕಾಯುವವರ ತನಕ ಎಲ್ಲರಿಗೂ ಅವರು ಅಕ್ಕೋರೇ. ಹೊಸ ಊರು, ಹೊಸ ಮನೆ, ತಾಯಿಯ ನೆನಪಾಗಿ ನಾನು ಹಿತ್ತಲಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾಗ ಗೋಡೆಯಾಚೆಯಿಂದ ಒಂದು ದಿನ ಕರೆದರು. “ಏ ಕೊಟ್ಟೂರಾಕಿ, ಅಳಾಕ ಏನ ಸಂಜೀತನ ಟೈಮೈತಿ. ಈಗ ಬಾ, ಜಂಪರು ಕತ್ತರಸಾಕ ಕಲಿ.” ಅವತ್ತಿನಿಂದ ಅವರಿಗೆ ನಾನು ಕೊಟ್ಟೂರಾಕಿ. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ಕೇಳಲಿಲ್ಲ.

ಅವರ ಕೊರಳಲ್ಲಿ ಲಿಂಗದ ಜೊತೆಗೆ ಅಳತೆಯ ಟೇಪು ಯಾವಾಗಲೂ ಇರುತ್ತಿತ್ತು. ನಾನು ಗೇಣು ಹಾಕಿ ಬಟ್ಟೆ ನೋಡಿದರೆ ಗೇಣಿನ ಮೇಲೆಯೇ ಪಟ್ಟನೆ ಹೊಡೆಯುತ್ತಿದ್ದರು. “ಅಂದಾಜಿ ಬ್ಯಾಡ, ಅಳತಿ ಹಿಡಿ. ಅಂದಾಜಿನ್ಯಾಗ ಹೊಲದ್ರ ದೇವ್ರಿಗೂ ಅಂಗಿ ಸಾಲಂಗಿಲ್ಲ.” ಮಂದಿ ತಮ್ಮನ್ನೂ ಅಂದಾಜಿನಲ್ಲೇ ನೋಡುತ್ತಾರೆ ಎಂದು ಅವರಿಗೆ ಒಳಗೊಳಗೇ ಬೇಸರ ಇತ್ತೇನೋ. ಒಂದು ವಿಷಯದಲ್ಲಿ ಮಾತ್ರ ಅವರು ಕಲ್ಲು. ಯಾರೂ ತಮ್ಮನ್ನು ಎತ್ತಕೂಡದು. ಏರಿನಲ್ಲಿ ಸೈಕಲ್ ನೂಕಿದರೆ ನಗುತ್ತಿದ್ದರು. ಎತ್ತಲು ಕೈ ಚಾಚಿದರೆ ಮುಖ ಬಿಗಿಯುತ್ತಿತ್ತು. “ಸಣ್ಣಾಕಿದ್ದಾಗ ಎಲ್ಲಾರೂ ಹೊತ್ತಾರ. ಜೋಳದ ಚೀಲ ಹೊತ್ತಂಗ. ಚೀಲಾನ ಯಾರಾರ ಮಾತಾಡ್ಸತಾರೇನು?” ಎಂದು ಒಮ್ಮೆ ಹೇಳಿದ್ದರು.

ಅವರಿಗೆ ಒಬ್ಬನೇ ತಮ್ಮ. ಅವನ ಹೆಂಡತಿಯ ತವರು ಹೊಳೆಯ ಆಚೆ ದಂಡೆಯಲ್ಲಿ. ಚೊಚ್ಚಿಲು ಬಾಣಂತನ, ಹೆಣ್ಣುಕೂಸು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತಾಯಿತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕ ಅಥವಾ ತಂಗಿ. ಅಕ್ಕೋರು ಒಂದು ತಿಂಗಳು ಮೊದಲೇ ಕೂಸಿನ ತಲೆಯಿಂದ ಬೆನ್ನಿನ ತನಕ ಹೊದಿಸುವ ಹಸಿರು ಖಣದ ಕುಂಚಿಗೆ ಹೊಲಿದು, ಅಂಚಿಗೆ ಸಣ್ಣ ಸಣ್ಣ ಗೆಜ್ಜೆ ಕಟ್ಟಿ, ಹೊದಿಸಿ ನೋಡಲು ಕೂಸಿಲ್ಲದೆ ಕುಂಬಳಕಾಯಿಗೆ ಹೊದಿಸಿ ನಮಗೆಲ್ಲ ತೋರಿಸಿದ್ದರು.

ಹಿಂದಿನ ದಿನ ತಮ್ಮ ಬಂದು ಪಡಸಾಲೆಯಲ್ಲಿ ಕುಂತ. ನಾನೂ ಅಲ್ಲೇ ಕಾಜಾ ಹೊಲಿಯುತ್ತಿದ್ದೆ.

“ಅಕ್ಕಾ, ಟೆಂಪೋ ಮಾಡೀವಿ. ಸೇತುವಿ ಸುತ್ತು ಹಾಕ್ಕೊಂಡು ಹೋಗಬೇಕು. ಮಂದಿ ತುಂಬ್ಯಾರ, ಸೈಕಲ್ ಹಿಡ್ಯಂಗಿಲ್ಲ. ನಿನಗ ಸುಮ್ನ ತ್ರಾಸು. ದೊಡ್ಡಪ್ಪನ ಮಗಳು ಹರಪನಹಳ್ಳಿಯಿಂದ ಬಂದಾಳ, ಆಕೀನ ಹೆಸರಿಡ್ತಾಳ.”

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಕ್ಕನಿಗೆ ಕಷ್ಟ ಆಗಬಾರದು ಅಂತಲೇ ಅಂದದ್ದು. ಅಕ್ಕೋರು ಮಷಿನ್ನಿನ ಹಿಡಿಕೆ ತಿರುಗಿಸುತ್ತಲೇ ಇದ್ದರು. ನೋಡಿದರೆ ಸೂಜಿಯಲ್ಲಿ ದಾರವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ವಿಭೂತಿ ಹಚ್ಚಿಕೊಂಡು ಹೊರಗೆ ಬಂದರೆ ಅಕ್ಕೋರು ಇಳಕಲ್ ಸೀರೆ ಉಟ್ಟು, ಬಸವಣ್ಣನ ಮೇಲೆ ಕುಂತು, ತೊಡೆಯ ಮೇಲೆ ಕುಂಚಿಗೆಯ ಗಂಟಿಟ್ಟುಕೊಂಡು ನಮ್ಮ ಬಾಗಿಲಲ್ಲಿದ್ದರು.

“ಕೊಟ್ಟೂರಾಕಿ, ಹೊಳಿ ದಾಟಾಕ ಬರ್ತೀಯೇನ?”

ನನಗೆ ನೀರೆಂದರೆ ಎದೆ ಹಾರುತ್ತಿತ್ತು. ಅತ್ತೆಯ ಮುಖ ನೋಡಿದೆ, ಬೇಡ ಅಂದರೆ ಉಳಿದೆ ಎಂಬ ಆಸೆಯಿಂದ. ಅತ್ತೆ, “ಹೋಗಿ ಬಾ. ಮೈಲಾರಲಿಂಗಪ್ಪ ಅದಾನ,” ಎಂದು ಒಳಗೆ ಹೋಗಿಬಿಟ್ಟರು.

ಊರಿನಿಂದ ದೋಣಿ ಕಟ್ಟುವ ಜಾಗಕ್ಕೆ ಒಂದು ಮೈಲಿ. ಅಲ್ಲಿನ ಅಂಬಿಗ ಒಳ್ಳೆಯವನು, ಬಾಯಿ ಜೋರು. ಕಾರ್ತಿಕದ ಹೊಳೆ, ಎರಡೂ ದಂಡೆ ತುಂಬಿಕೊಂಡು ನಿಂತಿತ್ತು. ಇಂಜಿನ್ ಕೂಡಿಸಿದ ದೊಡ್ಡ ದೋಣಿಯಲ್ಲಿ ಆಗಲೇ ಒಂದು ಲೂನಾ, ಹತ್ತಿಪ್ಪತ್ತು ಕುರಿ, ಈರುಳ್ಳಿ ಚೀಲ, ನಾಲ್ಕೈದು ಜನ.

“ಅಕ್ಕೋರ, ನೀವು ಬರ್ರಿ. ನಿಮ್ಮನ್ನ ನಾನ ಎತ್ತಿ ಕುಂದರಸ್ತೀನಿ. ಈ ಗಾಡಿ ಇಲ್ಲೇ ಇರ್ಲಿ, ಯಾರೂ ಒಯ್ಯಂಗಿಲ್ಲ,” ಎಂದ ಅಂಬಿಗ.

“ಆ ದಂಡ್ಯಾಗ ಇಳಿದ ಮ್ಯಾಲ ಬೀಗರ ಮನೀಗೆ ಹೆಂಗ ಹೋಗ್ಲಿ?”

“ಅಲ್ಲೂ ಹೊತ್ಗೊಂಡು ಹೋಗ್ತಾರ ಬಿಡ್ರಿ.”

“ಬೀಗರ ಮುಂದ ಚೀಲ ಆಗಿ ಹೋಗಾಕ ನಾ ಒಲ್ಲೆ. ಕುರಿ ಹತ್ತ್ಯಾವ, ಲೂನಾ ಹತ್ತೈತಿ, ನಮ್ಮ ಬಸವಣ್ಣ ಏನ್ ಪಾಪ ಮಾಡ್ಯಾನ?”

“ಲೂನಾಕ್ಕ ಎರಡ ಗಾಲಿ ಅಕ್ಕೋರ. ಒಂದ ಹಲಿಗಿ ಮ್ಯಾಲ ನೂಕಿಬಿಡ್ತೀವಿ. ನಿಮ್ಮದು ಮೂರು ಗಾಲಿ. ಹಿಂದಿನ ಎರಡು ಗಾಲಿಗೆ ಎರಡು ಹಲಿಗಿ ಹಾಕಿದ್ರ ಮುಂದಿಂದು ನಡುವ ನೀರಾಗ ಬೀಳ್ತೈತಿ. ನಿಮ್ಮ ಬಸವಣ್ಣ ಹಿಡಸಂಗಿಲ್ಲ.”

“ಅಂದಾಜಿ ಬ್ಯಾಡ,” ಎಂದರು ಅಕ್ಕೋರು. ಕೊರಳ ಟೇಪು ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಹೋಗಿ ದೋಣಿಯ ಮೂತಿಯ ಅಗಲ ಅಳೆದೆ, ಆಮೇಲೆ ಹಿಂದಿನ ಗಾಲಿಗಳ ನಡುವಿನ ಅಗಲ. ದೋಣಿಯ ಬಾಯಿ ಐದು ಇಂಚು ದೊಡ್ಡದಿತ್ತು. ಅಲ್ಲಿದ್ದವರೆಲ್ಲ ಜಂಪರಿಗೆ ಅಳತೆ ಕೊಡುವವರಂತೆ ಸುಮ್ಮನೆ ನಿಂತು ನೋಡಿದರು.

“ಹಿಂಬರಿಕಿಲೆ ಹತ್ತಸ್ರಿ. ಹಿಂದಿನ ಗಾಲಿ ಮೊದಲು ಹೋಗ್ಲಿ, ಮುಂದಿನ ಗಾಲಿ ಈಕಿ ಎತ್ತಿ ಹಿಡೀತಾಳ.”

ಈಕಿ ಅಂದರೆ ನಾನು. ಅಕ್ಕೋರು ಸೈಕಲ್ಲಿನಿಂದ ಇಳಿದು ದಂಡೆಯ ಮೇಲೆ ಕುಂತರು. ಅವಸರದಲ್ಲಿ ಉಟ್ಟು ಬಂದಿದ್ದ ರೇಷ್ಮೆ ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ ನೀರಿಗಿಳಿದೆ. ತವರಿನ ದೇವರು ಕೊಟ್ಟೂರಪ್ಪನನ್ನು ನೆನೆದು ಮುಂದಿನ ಗಾಲಿ ಹಿಡಿದೆ. ಮೇಲಿಂದ ಅಂಬಿಗನೂ ಕುರಿಯವನೂ ಎಳೆದರು. ಕಾಲ ಕೆಳಗೆ ಮಳಲು ಸರಿಯಿತು, ನನ್ನ ಜೀವವೂ ಸರಿಯಿತು. ಆದರೆ ಬಸವಣ್ಣ ಎರಡು ಹಲಗೆಗಳ ಮೇಲೆ ಹಿಂದಕ್ಕೆ ಹಿಂದಕ್ಕೆ ಹೋಗಿ ಈರುಳ್ಳಿ ಚೀಲಗಳ ನಡುವೆ ಕುಂತ. ಆಮೇಲೆ ಅಕ್ಕೋರು ಅದೇ ಹಲಗೆಯ ಮೇಲೆ ಅಂಗೈ ಊರಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾವೇ ಹತ್ತಿದರು. ಅಂಬಿಗ ಕೈ ಮುಂದೆ ಮಾಡಿದವನು ಹಿಂದಕ್ಕೆ ತೆಗೆದುಕೊಂಡ. ಮೇಲೆ ಹೋಗಿ ಸೈಕಲ್ ಏರಿ ಕುಂತು, ಬ್ರೇಕು ಬಿಗಿದು, “ಹೊಂಡ್ರಿ ಇನ್ನ,” ಎಂದರು.

“ಬಸವಣ್ಣ ದೋಣ್ಯಾಗ ಸಗಣಿ ಹಾಕಿದ್ರ ನೀವ ಬಳೀಬೇಕು ನೋಡ್ರಿ,” ಎಂದ ಅಂಬಿಗ.

“ಹಾಕಿದ್ರ ನಿನ್ನ ಹೇಣ್ತಿಗೆ ಅಂಗಳ ಸಾರ್ಸಾಕ ಕಳಸ್ತೀನಿ, ನಡಿ.”

ನಾವೆಲ್ಲ ದೋಣಿಯ ತಳದಲ್ಲಿ ಕುರಿಗಳ ಜೊತೆ ಕುಕ್ಕರಗಾಲಿನಲ್ಲಿದ್ದರೆ ಅಕ್ಕೋರು ಒಬ್ಬರೇ ಎತ್ತರದಲ್ಲಿದ್ದರು. ಯಾವಾಗಲೂ ಬೇರೆಯವರ ಸೊಂಟದ ಮಟ್ಟದಿಂದ ಲೋಕ ನೋಡಿದವರು ಅಂದು ಎಲ್ಲರ ತಲೆಯ ಮೇಲಿಂದ ಹೊಳೆ ನೋಡಿದರು. ಹುಟ್ಟಿದಾಗಿನಿಂದ ಅದೇ ಹೊಳೆಯ ನೀರು ಕುಡಿದವರು, ನಡುವಿನ ತನಕ ಎಂದೂ ಬಂದಿರಲಿಲ್ಲವಂತೆ. ನನ್ನ ಕೈಯಲ್ಲಿ ಒಂದು ಬೊಗಸೆ ನೀರು ತೆಗೆಸಿ ಮುಂದಿನ ಗಾಲಿಗೆ ಚಿಮುಕಿಸಿದರು. ನಾನು ಕಣ್ಣು ಮುಚ್ಚಿ ಮೈಲಾರಲಿಂಗಪ್ಪನ ‘ಏಳುಕೋಟಿ’ ಅನ್ನುತ್ತಿದ್ದೆ. “ಕಣ್ಣು ತೆರಿಯೇ, ದೇವ್ರು ಇಷ್ಟ್ ಛಂದ ಮಾಡಿ ಇಟ್ಟಾನ, ನೀ ಮುಚ್ಚಿಕೊಂಡು ಯಾರನ್ನ ಕರೀತಿ?” ಎಂದರು. ತೆರೆದೆ. ಬೆಳ್ಳಕ್ಕಿಗಳ ಸಾಲು, ನೀರಿನ ಮೇಲೆ ಎಳೆಬಿಸಿಲು. ಭಯ ಹೋಗಲಿಲ್ಲ, ಆದರೆ ನೋಡಿದೆ.

ಆಚೆ ದಂಡೆಯಲ್ಲಿ ಇಳಿದದ್ದೂ ಹಾಗೆಯೇ. ಏರು ಇತ್ತು, ಅವರು ಕೈಯಿಂದ ಪೆಡಲು ತಿರುಗಿಸಿದರು, ನಾನು ನೂಕಿದೆ. ಬೀಗರ ಮನೆ ಮುಟ್ಟಿದಾಗ ಒಳಗಿನಿಂದ ತೊಟ್ಟಿಲ ಪದ ಕೇಳುತ್ತಿತ್ತು. ಬಾಗಿಲಲ್ಲಿ ಇಳಿದು ಅಕ್ಕೋರು ಹೊಸಿಲು ದಾಟಿದರು. ಹರಪನಹಳ್ಳಿಯ ದೊಡ್ಡಪ್ಪನ ಮಗಳು ಆಗಲೇ ತೊಟ್ಟಿಲ ಮೇಲೆ ಬಗ್ಗಿದ್ದಳು. ತಮ್ಮ ಇವರನ್ನು ಕಂಡು ಗಾಬರಿಯಾಗಿ, ಎತ್ತಿಕೊಳ್ಳಲು ಓಡಿ ಬಂದ.

“ಬ್ಯಾಡಪ. ಹಾದಿ ಬಿಟ್ರ ಸಾಕು,” ಎಂದರು.

ಆ ಹರಪನಹಳ್ಳಿಯಾಕೆಯ ಬಾಯಿಗೆ ಸಕ್ಕರೆ ಹಾಕಬೇಕು. ನಕ್ಕು ಹಿಂದೆ ಸರಿದಳು. “ಬಾರೆ, ನಿನ್ನ ಹಕ್ಕು ಇದು. ನಾನು ಬರೇ ಜಾಗ ಹಿಡ್ದಿದ್ದೆ, ಬಸ್ನಾಗೆ ಟವೆಲ್ ಹಾಕ್ದಂಗೆ.”

ಅಕ್ಕೋರು ಕೂಸಿಗೆ ಕುಂಚಿಗೆ ಕಟ್ಟಿ, ಕಿವಿಯ ಹತ್ತಿರ ಬಾಯಿಟ್ಟು “ಕುರ್ರ್…” ಎಂದರು. ಹಾಗೆ ಅಂದೊಡನೆ ಸುತ್ತಲಿನ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದಬೇಕು, ಗುದ್ದು ತಿಂದ ಮೇಲೆಯೇ ಅವಳು ಹೆಸರು ಹೇಳಬೇಕು. ಅದು ನಮ್ಮ ಪದ್ಧತಿ, ಅದರ ಗಮ್ಮತ್ತೇ ಗಮ್ಮತ್ತು. ವರ್ಷದ ಸಿಟ್ಟೆಲ್ಲ ಅಲ್ಲೇ ತೀರಿಸಿಕೊಳ್ಳುವವರೂ ಉಂಟು.

ಯಾರೂ ಗುದ್ದಲಿಲ್ಲ. ಕೂಸಿನ ಅಜ್ಜಿ, ಬೀಗತಿ, ಬೆನ್ನ ಮೇಲೆ ಮೆಲ್ಲಗೆ ಕೈಯಾಡಿಸಿ, “ಪಾಪ, ಈ ತಾಯಿಗೆ ಹೆಂಗ ಹೊಡ್ಯಾದವಾ. ಹಂಗ ಹೇಳಿಬಿಡ್ರಿ ಹೆಸರು,” ಎಂದರು. ಉಳಿದವರು ಬಳೆಗಳನ್ನು ಸರಿಮಾಡಿಕೊಳ್ಳುತ್ತ ನಿಂತರು. ಅಕ್ಕೋರು ಬಗ್ಗಿದವರು ಬಗ್ಗಿಯೇ ಇದ್ದರು. ಹೊಳೆಯಲ್ಲಿ ನಗುತ್ತ ಬಂದ ಮುಖ ಈಗ ಕೆಂಪಗಾಗಿತ್ತು. ಅಷ್ಟು ದೂರದಿಂದ ಬಂದದ್ದು ಈ ಒಂದು ಗಳಿಗೆಗೆ. ಅದೂ ಪಾಪ ಅನ್ನುವ ಒಂದು ಮಾತಿನಲ್ಲಿ ಮುಗಿದುಹೋಗುವ ಹಾಗಿತ್ತು.

“ಕಾಲು ಸತ್ತಾವ ಬೀಗತಿ. ಬೆನ್ನು ಗಟ್ಟಿ ಐತಿ,” ಎಂದರು ತೊಟ್ಟಿಲ ಕಡೆಗೇ ಮುಖ ಮಾಡಿ. “ಗುದ್ದು ಬೀಳೂತನ ಹೆಸರು ಹೊರಗ ಬರಂಗಿಲ್ಲ. ಕೂಸು ದೊಡ್ಡಾಕಿ ಆಗಿ ಲಗ್ನಕ್ಕ ಬಂದ್ರೂ ನಾ ಹಿಂಗ ಬಗ್ಗಿರ್ತೀನಿ.” ಆಮೇಲೆ ಸ್ವಲ್ಪ ಹೊರಳಿ, “ಏ ಕೊಟ್ಟೂರಾಕಿ, ನೀ ಹೊಡಿ,” ಎಂದರು.

ಕಲಿಸಿದವರ ಮೇಲೆ ಕೈ ಎತ್ತುವುದೆಂದರೇನು! “ಶಿವನೇ, ತಪ್ಪಾದರೆ ನಿನ್ನ ಹೊಟ್ಟೆಯಲ್ಲಿ ಹಾಕಿಕೋ,” ಎಂದು ಮುಷ್ಟಿ ಬಿಗಿದು ಬೆನ್ನ ನಡುವೆ ಧಬ್ಬನೆ ಒಂದು ಗುದ್ದಿದೆ. ಅಷ್ಟು ಜೋರಾಗಿ ಗುದ್ದಬೇಕೆಂದಿರಲಿಲ್ಲ. ಅಕ್ಕೋರು “ಹಾಂ!” ಎಂದರು. ಹರಪನಹಳ್ಳಿಯಾಕೆ “ತಡಿ, ಸಣ್ಣಾಕಿದ್ದಾಗ ನನ್ನ ಜಡೆ ಕತ್ತರಿಸಿದ್ಲು, ಇವತ್ತು ಕೊಡ್ತೀನಿ,” ಎಂದು ಎರಡು ಕೊಟ್ಟಳು. ಆಮೇಲೆ ಕೇಳಬೇಕೆ? ಎಲ್ಲರೂ ನುಗ್ಗಿದರು. ಬಳೆ ಸದ್ದು, ನಗು, ಬೀಗತಿಯದೇ ಕೊನೆಯ ಗುದ್ದು, ಅದೇ ಎಲ್ಲಕ್ಕಿಂತ ಬಿರುಸು. ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತ, ಎರಡೂ ಮನೆಯವರು ಒಪ್ಪಿದ್ದ ಹೆಸರನ್ನು ಕಿವಿಯಲ್ಲಿ ಹೇಳಿ, ಆಮೇಲೆ ಬೀದಿಗೆ ಕೇಳುವ ಹಾಗೆ ಕೂಗಿದರು. “ಕಾವೇರಿ! ನೋಡ್ರಪಾ, ತುಂಗಭದ್ರಿ ದಾಟಿ ಬಂದು ಕಾವೇರಿ ಅಂತ ಕರದೆ!”

ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ. ಊಟಕ್ಕೆ ಎಲೆ ಹಾಕಿದಾಗ ಅಕ್ಕನ ಪಕ್ಕದಲ್ಲಿ ಕುಂತು, “ತಪ್ಪಾತಕ್ಕಾ, ಟೆಂಪೋದಾಗ ಜಾಗ ಐತೋ ಇಲ್ಲೋ ನಾ ನೋಡಲೇ ಇಲ್ಲ,” ಎಂದ. ಅಕ್ಕೋರು ತಮ್ಮ ಎಲೆಯ ಹೋಳಿಗೆಯನ್ನು ಅವನ ಎಲೆಗೆ ಹಾಕಿದರು. “ಇನ್ನೊಮ್ಮೆ ಅಳತಿ ಹಿಡಿ,” ಎಂದರು, ಅಷ್ಟೇ.

ಅದಾಗಿ ಒಂದೂವರೆ ವರ್ಷಕ್ಕೆ ದೇವರು ನನಗೂ ಮಗಳನ್ನು ಕೊಟ್ಟ. ನನ್ನ ಮನೆಯವರಿಗೆ ಅಕ್ಕ ತಂಗಿ ಯಾರೂ ಇಲ್ಲ. ಹೆಸರಿಡುವವರು ಯಾರು ಎಂಬ ಮಾತು ಬಂದಾಗ ನಾನು ಅಕ್ಕೋರು ಇಡಲಿ ಅಂದೆ, ನಮ್ಮ ಓಣಿಯ ಒಬ್ಬರು ಬೇಡ ಎಂಬಂತೆ ಮೂಗು ಮುರಿದರು. ಲಗ್ನ ಆಗದವರು, ಕಾಲಿಲ್ಲದವರು ಎಂದು. ನಮ್ಮತ್ತೆ, “ಕೂಸಿಗೆ ಹೆಸರು ಬಾಯಿಲೆ ಇಡ್ತಾರೋ ಕಾಲಿಲೆ ಇಡ್ತಾರೋ?” ಎಂದು ಕೇಳಿ ಆ ಮಾತನ್ನು ಅಲ್ಲಿಗೇ ಮುಗಿಸಿದರು. ಬಸ್ಸಿನ ಮೇಲೆ ಮೂಟೆಗಳ ನಡುವೆ ಸೈಕಲ್ ಕಟ್ಟಿಸಿಕೊಂಡು ಅಕ್ಕೋರು ಕೊಟ್ಟೂರಿಗೆ ಬಂದರು. ನಮ್ಮ ತವರಿನ ಹೆಂಗಸರಿಗೆ ಮೊದಲೇ ಹೇಳಿಟ್ಟಿದ್ದೆ, ಯಾರೂ ಕೈ ಹಿಂದೆ ಇಟ್ಟುಕೊಳ್ಳಲಿಲ್ಲ. ಅಲ್ಲಿಂದ ಮುಂದೆ ಅಕ್ಕ ತಂಗಿ ಇಲ್ಲದ ಗಂಡಸರ ಮನೆಯಲ್ಲೆಲ್ಲ ಅವರೇ ಸೋದರತ್ತೆ. ಕುಂಚಿಗೆ ಹೊಲಿಯುವುದು, ಗುದ್ದು ತಿನ್ನುವುದು, ನಗುತ್ತ ಬೆನ್ನು ನೀವಿಕೊಳ್ಳುತ್ತ ಮನೆಗೆ ಬರುವುದು.

ಕೆಲವು ವರ್ಷಗಳ ಹಿಂದೆ ಒಂದು ಶ್ರಾವಣ ಸೋಮವಾರ, ಪೂಜೆ ಮುಗಿಸಿ ಗೋಡೆಗೆ ಒರಗಿದವರು ಹಾಗೆಯೇ ಹೋದರು. ನರಳಲಿಲ್ಲ, ಯಾರಿಗೂ ಭಾರವಾಗಲಿಲ್ಲ. ಅದೂ ಶಿವನ ಒಂದು ಕರುಣೆ ಎಂದು ನಾನು ಎಣಿಸಿಕೊಂಡಿದ್ದೇನೆ. ತಾಯಿಯ ತವರಿಗೆ ಹೋಗಿದ್ದ ಕಾವೇರಿ ಸುದ್ದಿ ತಿಳಿದು ಹೊಳೆಯಾಚೆಯಿಂದ ದೋಣಿಯಲ್ಲಿ ಬಂದಳು.

ನನ್ನ ಮಗಳು ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಊಟಕ್ಕೆ, ದೀಪ ಹಚ್ಚಲು, ಸುಮ್ಮನೆ ಬೈಯಲು, ದಿನಕ್ಕೆ ಹತ್ತು ಸಲ ಅವಳ ಹೆಸರು ಕರೆಯುತ್ತೇನೆ. ಆ ಹೆಸರನ್ನು ಅವಳಿಗೆ ಮೊದಲು ಕೇಳಿಸಿದ ದನಿ ಅಕ್ಕೋರದು. ನಾನು ಕರೆಯುವುದೆಲ್ಲ ಅದಾದ ಮೇಲಿನದು.