ಯಾರೂ ಕೇಳದ ಪುಸ್ತಕಗಳ ರಾಶಿ

ಕೊರೋನಾ ಕಾಲದ ಬೀಗಗಳು ತೆರೆದು ಎರಡು ವರ್ಷವಾಗಿತ್ತು. ವಿಜಯಪುರದ ಅಥಣಿ ರಸ್ತೆಯಲ್ಲಿ ಒಂದು ಖಾಸಗಿ ಟ್ರಸ್ಟಿನ ಗ್ರಂಥಾಲಯವಿದೆ. ನಾನು ಅಲ್ಲಿಗೆ ಗ್ರಂಥಪಾಲಕಿಯಾಗಿ ಬಂದಾಗ ನಿವೃತ್ತಿ ದೂರವಿರಲಿಲ್ಲ. ನನ್ನ ನೌಕರಿಯ ಬಹುಪಾಲು ಕಳೆದದ್ದು ಅದೇ ಟ್ರಸ್ಟಿನ ತಿಕೋಟಾ ವಾಚನಾಲಯದಲ್ಲಿ. ಅದನ್ನೂ ಬಬಲೇಶ್ವರದ ವಾಚನಾಲಯವನ್ನೂ ಮುಚ್ಚಿ, ಪುಸ್ತಕಗಳನ್ನು ಗೋಣಿಚೀಲಗಳಲ್ಲಿ ತುಂಬಿ ನಗರಕ್ಕೆ ತಂದರು. ಅವುಗಳ ಹಿಂದೆ ನಾನೂ ಬಂದೆ. ಆಗಲೇ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಉಳಿದ ದಿನಗಳನ್ನು ಕುರ್ಚಿಯಲ್ಲಿ ಕುಳಿತೇ ಕಳೆಯಬೇಕೆಂಬುದೊಂದೇ ಆಸೆ.

ನಾನು ಬರುವ ಹೊತ್ತಿಗೆ ಮೂರೂ ಕಡೆಯ ಪುಸ್ತಕಗಳ ವಿವರವನ್ನು ಗುತ್ತಿಗೆದಾರರೊಬ್ಬರು ಕಂಪ್ಯೂಟರಿಗೆ ಏರಿಸಿದ್ದರು. ಕಾದಂಬರಿಗಳನ್ನು ಮಾತ್ರ ಓದುಗರ ಕೈಗೆ ಸಿಗುವಂತೆ ತೆರೆದ ಕಪಾಟಿನಲ್ಲಿ ಇಟ್ಟಿದ್ದೆವು. ಉಳಿದವು ಹಿಂದಿನ ಕೋಣೆಯಲ್ಲಿದ್ದವು. ಅವು ಬೇಕಾದವರು ಬಾಗಿಲ ಬಳಿಯ ಕಂಪ್ಯೂಟರಿನಲ್ಲಿ ಹೆಸರು ಟೈಪ್ ಮಾಡಿ ಹುಡುಕಬೇಕು. ಸಿಕ್ಕರೆ ಸಹಾಯಕ ಮಹಾದೇವ ಒಳಗಿನಿಂದ ತಂದುಕೊಡುತ್ತಿದ್ದ.

ಆ ವರ್ಷ ಟ್ರಸ್ಟ್ ವೀಡಿಂಗ್ ಮಾಡಲು ನಿರ್ಧರಿಸಿತು. ಬೆಳೆಯಲ್ಲಿ ಕಳೆ ತೆಗೆಯುವಂತೆ ಬಳಕೆಯಿಲ್ಲದ ಪುಸ್ತಕಗಳನ್ನು ತೆಗೆದುಹಾಕುವ ಕೆಲಸಕ್ಕೆ ಗ್ರಂಥಾಲಯಗಳಲ್ಲಿ ಹಾಗೆನ್ನುತ್ತಾರೆ. ಇದಕ್ಕೆ ನನ್ನ ತಕರಾರು ಇರಲಿಲ್ಲ. ಹಳೆಯ ಪರೀಕ್ಷಾ ಗೈಡುಗಳನ್ನೂ ರದ್ದಾದ ಕಾನೂನಿನ ಪುಸ್ತಕಗಳನ್ನೂ ಎಷ್ಟು ದಿನ ಒರೆಸುತ್ತ ಕೂರುವುದು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಜಾಗವಿಲ್ಲದೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಹಿಂದಿನ ಕೋಣೆ ಅವರಿಗೆ ಬೇಕಿತ್ತು. ಕಂಪ್ಯೂಟರ್ ಬಂದ ಮೇಲೆ ಒಮ್ಮೆಯೂ ಯಾರಿಗೂ ಕೊಡದ ಪುಸ್ತಕಗಳನ್ನು ರದ್ದಿಗೆ ಹಾಕುವುದೆಂದು ತೀರ್ಮಾನವಾಯಿತು. ಯಾವುವು ಎಂಬುದನ್ನು ಕಂಪ್ಯೂಟರೇ ಕ್ರಮಸಂಖ್ಯೆಗಳ ಪಟ್ಟಿಯಾಗಿ ತೆಗೆದುಕೊಟ್ಟಿತು. ಅವನ್ನೆಲ್ಲ ಆಯಾ ಊರಿನ ಲೆಕ್ಕದಲ್ಲಿ ಚೀಲಗಳಿಗೆ ತುಂಬಿ ಹಿತ್ತಲಿನ ಶೆಡ್ಡಿನಲ್ಲಿ ಇಟ್ಟದ್ದಾಯಿತು. ರದ್ದಿ ವ್ಯಾಪಾರಿಯ ಗಾಡಿ ಬರುವುದೊಂದು ಬಾಕಿ.

ಗಾಡಿ ಬರುವ ಹಿಂದಿನ ದಿನ ಬಬಲೇಶ್ವರದಿಂದ ರೇಣುಕಾ ಎಂಬ ಹೆಣ್ಣುಮಗಳು ತನ್ನ ಮಗಳನ್ನು ಕರೆದುಕೊಂಡು ಬಂದಳು. ಮಗುವಿಗೆ ಐದು ವರ್ಷವಿದ್ದೀತು. ಎರಡೂ ಕಿವಿಗೆ ಶ್ರವಣಯಂತ್ರ ಹಾಕಿದ್ದರು.

“ನಮ್ಮೂರ ವಾಚನಾಲಯದಾಗ ಒಂದು ಪುಸ್ತಕ ಇತ್ರಿ ಮೇಡಂ,” ಎಂದಳು. “ಕಿವಿ ಕೇಳದ ಮಕ್ಕಳಿಗೆ ಮನ್ಯಾಗ ಮಾತ ಹೆಂಗ ಕಲಸೂದು ಅಂತ ಚಿತ್ರ ಹಾಕಿ ಬರದಿದ್ರು. ಮನಿಗೆ ಒಯ್ಯಾಕ ಕೊಡತಿರಲಿಲ್ಲ, ಅಲ್ಲೇ ಕುಂತು ಓದತಿದ್ದೆ. ಅರ್ಧ ಆಗಿತ್ತು, ಬಾಗಲಾ ಹಾಕಿಬಿಟ್ರು. ಈಗ ಈಕಿಗೆ ಮಷೀನ್ ಹಾಕ್ಯಾರ. ಆದ್ರ ಮಾತ ಕಲಸಾವ್ರು ಯಾರು? ಇಲ್ಲಿ ಡಾಕ್ಟರ್ ಹಂತೇಕ ದಿನಾ ಬರಾಕ ಆಗೂದಿಲ್ರಿ.”

ಪುಸ್ತಕದ ಪೂರ್ತಿ ಹೆಸರು ಅವಳಿಗೆ ನೆನಪಿರಲಿಲ್ಲ. ನಾನು ‘ಕಿವುಡ’ ಎಂದು ಟೈಪ್ ಮಾಡಿದೆ. ಫಲಿತಾಂಶ ಸೊನ್ನೆ. ‘ಶ್ರವಣ’ ಎಂದೆ, ‘ಮಾತು’ ಎಂದೆ. ಎಲ್ಲಕ್ಕೂ ಸೊನ್ನೆಯೇ.

“ಇಲ್ಲಂತದೇನ್ರಿ?” ಎಂದು ಕೇಳಿದಳು.

ಮಗು ನಮ್ಮಿಬ್ಬರ ತುಟಿಗಳನ್ನು ಸರದಿಯಂತೆ ನೋಡುತ್ತಿತ್ತು. ಇಷ್ಟು ಪುಸ್ತಕಗಳ ನಡುವೆ ‘ಮಾತು’ ಎಂಬ ಪದವಿರುವ ಒಂದೂ ಹೆಸರಿಲ್ಲವೆಂದರೆ ನಂಬುವುದು ಕಷ್ಟ. ಆಗ ವರ್ಗಸಂಖ್ಯೆ ನೆನಪಾಯಿತು. ಗ್ರಂಥಾಲಯದಲ್ಲಿ ಪ್ರತಿ ವಿಷಯಕ್ಕೂ ಒಂದು ಅಂಕಿಯಿರುತ್ತದೆ. ಪುಸ್ತಕ ಯಾವ ಭಾಷೆಯದಾದರೂ ಅಂಕಿ ಅದೇ. ಕಿವುಡ ಮಕ್ಕಳ ಶಿಕ್ಷಣಕ್ಕೆ 371.912. ಅದನ್ನು ಒತ್ತಿದೆ. ಪರದೆಯ ಮೇಲೆ ಒಂದು ಪುಸ್ತಕ ಬಂತು. ಹೆಸರಿನ ಜಾಗದಲ್ಲಿ ಕನ್ನಡವಿರಲಿಲ್ಲ, ಇಂಗ್ಲಿಷೂ ಇರಲಿಲ್ಲ. ಅರ್ಥವಿಲ್ಲದ ಚಿಹ್ನೆಗಳ ಸಾಲು. ಕೆಳಗೆ ‘ಬಬಲೇಶ್ವರ’ ಎಂಬುದರ ಸಂಕೇತ, ಅದರ ಪಕ್ಕದಲ್ಲಿ ‘ರದ್ದು’ ಎಂಬ ಗುರುತು.

ನನಗೆ ಅರ್ಥವಾಯಿತು. ಗುತ್ತಿಗೆದಾರರ ಆಳುಗಳು ಕನ್ನಡ ಹೆಸರುಗಳನ್ನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕಣ್ಣಿಗೆ ಕನ್ನಡವೇ ಕಾಣುತ್ತದೆ, ಮುದ್ರಿಸಿದರೂ ಕನ್ನಡವೇ ಬರುತ್ತದೆ. ನಾವು ಈಗ ಮೊಬೈಲಿನಲ್ಲಿ ಬಳಸುವ ಯೂನಿಕೋಡ್ ಕನ್ನಡಕ್ಕೂ ಅದಕ್ಕೂ ಒಳಗೆ ಸಂಬಂಧವೇ ಇಲ್ಲ. ಹಾಗಾಗಿ ಹಿಂದಿನ ಕೋಣೆಯ ಕನ್ನಡ ಪುಸ್ತಕಗಳು ಹುಡುಕಿದ ಯಾರಿಗೂ ಸಿಕ್ಕಿರಲಿಲ್ಲ. ಇಂಗ್ಲಿಷ್ ಪುಸ್ತಕಗಳು ಸಿಗುತ್ತಿದ್ದುದರಿಂದ ನಮಗೂ ಸಂಶಯ ಬಂದಿರಲಿಲ್ಲ. ಸಿಗದ್ದರಿಂದ ಯಾರೂ ಒಯ್ದಿರಲಿಲ್ಲ. ಯಾರೂ ಒಯ್ಯದ್ದರಿಂದ ಈಗ ಚೀಲ ಸೇರಿದ್ದವು. ರೇಣುಕಾಳಂತೆ ವಾಚನಾಲಯದಲ್ಲೇ ಕುಳಿತು ಓದಿದವರ ಓದಂತೂ ಎಲ್ಲಿಯೂ ಲೆಕ್ಕಕ್ಕೆ ಬಂದಿರಲಿಲ್ಲ.

“ಐತಿ, ಆದ್ರ ಹುಡಕಬೇಕವ್ವಾ. ಮುಂದಿನ ವಾರ ಬಾ,” ಎಂದೆ. ಅವಳು ತಲೆಯಾಡಿಸಿ ಬಸ್ಸಿಗೆ ಹೋದಳು.

ಟ್ರಸ್ಟಿನ ಕಾರ್ಯದರ್ಶಿಗಳನ್ನು ಎಲ್ಲರೂ ಗೌಡರು ಎನ್ನುತ್ತಿದ್ದರು. ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರು, ಸಿಟ್ಟಿನವರಲ್ಲ. ಅಂದೇ ಸಂಜೆ ಗ್ರಂಥಾಲಯಕ್ಕೆ ಬಂದು, ನಾನು ಹೇಳಿದ್ದನ್ನು ಪೂರ್ತಿ ಕೇಳಿ, “ಆ ಒಂದು ಪುಸ್ತಕ ತಗದು ಇಟಗೋರಿ ಮೇಡಂ. ಉಳದದ್ದು ಹೋಗ್ಲಿ. ಹುಡುಗ್ರು ಮೆಟ್ಟಲ ಮ್ಯಾಲ ಕುಂಡ್ರಾಕತ್ತಾವ, ನೀವ ನೋಡೀರಲ್ಲ,” ಎಂದರು.

ಅವರ ಮಾತು ಸುಳ್ಳಾಗಿರಲಿಲ್ಲ. ವಾದಿಸುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ. ಆದರೂ ಅವರನ್ನು ಬಾಗಿಲ ಬಳಿಯ ಕಂಪ್ಯೂಟರಿನ ಮುಂದೆ ಕರೆತಂದು, “ದ್ರಾಕ್ಷಿ ಅಂತ ನೀವ ಹೊಡೀರಿ,” ಎಂದೆ. ಒಂದೊಂದೇ ಅಕ್ಷರ ಹುಡುಕಿ ಹೊಡೆದರು. ಸೊನ್ನೆ ಬಂತು.

“ದ್ರಾಕ್ಷಿ ಪುಸ್ತಕ ಇದ್ವಲ್ರಿ. ತಿಕೋಟಾದಾಗ ನಾನ ಓದೇನಿ.”

ನಾನು ದ್ರಾಕ್ಷಿ ಬೇಸಾಯದ ಅಂಕಿ 634.8 ಒತ್ತಿದೆ. ಪುಸ್ತಕಗಳು ಒಂದರ ಕೆಳಗೊಂದು ಬಂದವು. ಎಲ್ಲದರ ಪಕ್ಕದಲ್ಲೂ ‘ರದ್ದು’ ಎಂದಿತ್ತು. ಗೌಡರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ತಿಂಗಳ ಕಡೀತನಕ ಗಾಡಿ ನಿಲ್ಲಸ್ತೇನಿ,” ಎಂದರು. “ಅಷ್ಟರಾಗ ಎಷ್ಟ ಆಕ್ಕಾವ ಅಷ್ಟ ಮಾಡ್ರಿ. ಆಮ್ಯಾಲ ನನ್ನ ಕೇಳಬ್ಯಾಡ್ರಿ.”

ಹಳೆಯ ಫಾಂಟನ್ನು ಯೂನಿಕೋಡಿಗೆ ತಿರುಗಿಸುವ ಕನ್ವರ್ಟರ್ ಎಂಬ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತದೆ. ಅದರಿಂದ ಎಲ್ಲ ಸರಿಯಾಗುತ್ತದೆಂದು ಮೊದಲ ದಿನ ಹಿಗ್ಗಿದೆ. ಆದರೆ ಅದು ಒತ್ತಕ್ಷರಗಳನ್ನು ಅಲ್ಲಲ್ಲಿ ಕೆಡಿಸುತ್ತಿತ್ತು. ಟೈಪ್ ಮಾಡಿದವರ ತಪ್ಪುಗಳು ಹಾಗೇ ಉಳಿಯುತ್ತಿದ್ದವು. ಒಂದು ಅಕ್ಷರ ಹೋದರೂ ಪುಸ್ತಕ ಮತ್ತೆ ಸಿಗದು. ಕೊನೆಗೆ ಒಂದೊಂದು ಚೀಲ ಬಿಚ್ಚಿ, ಪುಸ್ತಕವನ್ನು ಕೈಯಲ್ಲಿ ಹಿಡಿದು, ಹೆಸರನ್ನು ಪರದೆಯ ಜೊತೆ ಹೋಲಿಸಿ ತಿದ್ದುವುದೇ ದಾರಿಯಾಯಿತು. ಮಹಾದೇವ ಚೀಲ ಹೊತ್ತು ತರುತ್ತಿದ್ದ, ಧೂಳು ಒರೆಸುತ್ತಿದ್ದ, ಹೆಸರು ಓದುತ್ತಿದ್ದ. ನಾನು ತಿದ್ದಿ ‘ರದ್ದು’ ಗುರುತು ತೆಗೆಯುತ್ತಿದ್ದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಇಬ್ಬರಿಗೂ ಕೆಮ್ಮು ಹಿಡಿಯಿತು. ಮನೆಗೆ ಹೋದರೆ ರೊಟ್ಟಿ ಬಡಿಯಲು ಕೈ ಏಳುತ್ತಿರಲಿಲ್ಲ.

ರೇಣುಕಾ ಹೇಳಿದ ವಾರಕ್ಕೆ ಬಂದಳು. ಪುಸ್ತಕ ಸಿಕ್ಕಿರಲಿಲ್ಲ. ಮತ್ತೆ ಬರುತ್ತೇನೆಂದು ಹೇಳಿ ಮಗಳ ಕೈ ಹಿಡಿದು ಹೋದಳು. ಮರುವಾರ ಬಂದಾಗ ಪುಸ್ತಕ ಮೇಜಿನ ಮೇಲಿತ್ತು. ಬಬಲೇಶ್ವರದ ಚೀಲಗಳನ್ನೆಲ್ಲ ಬಿಚ್ಚಿಯೂ ಸಿಗದೆ, ಕಣ್ತಪ್ಪಿ ಸೇರಿಹೋಗಿದ್ದ ತಿಕೋಟಾದ ಚೀಲವೊಂದರಲ್ಲಿ ಸಿಕ್ಕಿತ್ತು. ರಟ್ಟು ಕಿತ್ತುಹೋಗಿತ್ತು, ಪುಟಗಳು ಪೂರ್ತಿಯಿದ್ದವು.

ಈ ಸಲ ಮನೆಗೆ ಒಯ್ಯಲು ಕೊಟ್ಟೆ. ಅವಳು ಮನೆಗೆ ಹೋಗುವವರೆಗೂ ಕಾಯಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತು ಪುಟ ಹುಡುಕಿದಳು. ಅಲ್ಲಿನ ಚಿತ್ರದಲ್ಲಿದ್ದಂತೆ, ಬಸ್ ಟಿಕೆಟನ್ನು ಸೀಳಿ, ಸಣ್ಣ ಪಟ್ಟಿಯನ್ನು ತನ್ನ ಬಾಯಿಯ ಮುಂದೆ ಹಿಡಿದು “ಪ” ಎಂದಳು. ಕಾಗದ ಅಲುಗಿತು. “ಮ” ಎಂದಳು. ಅಲುಗಲಿಲ್ಲ. ಆಮೇಲೆ ಅದನ್ನು ಮಗುವಿನ ಬಾಯಿಯ ಮುಂದೆ ಹಿಡಿದಳು. ಮಗು ಗಲ್ಲ ಉಬ್ಬಿಸಿ ಉಸಿರು ಬಿಟ್ಟಿತೇ ಹೊರತು ಸ್ವರ ಬರಲಿಲ್ಲ. ಮತ್ತೆ ಹಿಡಿದಳು. ಓದುತ್ತಿದ್ದ ಹುಡುಗರು ತಲೆಯೆತ್ತಿ ನೋಡಿದರು. ಸದ್ದು ಮಾಡಬೇಡಿ ಎಂದು ನಾನು ಹೇಳಲಿಲ್ಲ.

ತಿಂಗಳ ಕೊನೆಗೆ ಗಾಡಿ ಬಂತು. ಗೌಡರು ಕೊಟ್ಟ ಮಾತಿನಂತೆ ನಡೆದುಕೊಂಡಿದ್ದರು, ಇನ್ನಷ್ಟು ಕೇಳಲು ನನಗೆ ಬಾಯಿ ಬರಲಿಲ್ಲ. ಶೆಡ್ಡಿನಲ್ಲಿ ಬಿಚ್ಚದ ಚೀಲಗಳು ಇನ್ನೂ ಗೋಡೆಗೆ ಒರಗಿದ್ದವು.

“ಇವನ್ನೂ ಹಾಕಲೇನ್ರಿ?” ಎಂದು ಮಹಾದೇವ ಕೇಳಿದ.

“ಹಾಕಪ್ಪಾ,” ಎಂದೆ.

ಅವನು ಒಂದೊಂದಾಗಿ ಹೊತ್ತು ಹಾಕಿದ. ನಾನು ನೋಡುತ್ತ ನಿಲ್ಲದೆ ಒಳಗೆ ಬಂದೆ.

ಕೆಲವು ತಿಂಗಳ ಮೇಲೆ ರೇಣುಕಾ ಪುಸ್ತಕ ಮರಳಿಸಲು ಬಂದಳು. ಮಗಳು ಹೇಗಿದ್ದಾಳೆ ಎಂದು ಕೇಳಿದೆ. “ನಾಕೈದು ಮಾತ ಬರ್ತಾವ್ರಿ. ಮನ್ಯಾಗಿನವ್ರಿಗಷ್ಟ ತಿಳಿತಾವ,” ಎಂದಳು. ಇನ್ನೊಂದು ಅವಧಿಗೆ ಪುಸ್ತಕವನ್ನು ಅವಳ ಹೆಸರಿಗೇ ಬರೆದು ಕೊಟ್ಟೆ.

ಈಗ ನಿವೃತ್ತಳಾಗಿದ್ದೇನೆ. ಕಂಪ್ಯೂಟರ್ ಬೇಡ ಎನ್ನುವವಳು ನಾನಲ್ಲ; ಆ ಪುಸ್ತಕ ಇದೆಯೆಂದು ಕೊನೆಗೆ ತಿಳಿಸಿದ್ದೂ ಅದೇ. ಪುಸ್ತಕ ಸಿಗಲಿಲ್ಲ ಎನ್ನುವುದು ಬೇರೆ, ಇಲ್ಲ ಎನ್ನುವುದು ಬೇರೆ. ಯಂತ್ರಕ್ಕೆ ಮೊದಲನೆಯದು ಮಾತ್ರ ಗೊತ್ತು. ಎರಡನೆಯದನ್ನು ಹೇಳುವ ಮೊದಲು ಮನುಷ್ಯರು ಎದ್ದು ಹೋಗಿ ನೋಡಬೇಕು, ಮೊಣಕಾಲು ನೋಯುತ್ತಿದ್ದರೂ. ಕೆಲಸ ಕಲಿಸಿದ್ದು ಇಷ್ಟೇ. ಗಾಡಿಗೆ ಹೋದ ಚೀಲಗಳಲ್ಲಿ ಏನಿತ್ತೆಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಇಲ್ಲಿಯವರೆಗೆ ಯಾರೂ ಕೇಳಿಲ್ಲ.