ನಿಂತಿದೆಯೋ, ನಿಲ್ಲಿಸಬೇಕೋ

ನನ್ನ ಸೊಸೆ ಬಸ್ ಕಂಡಕ್ಟರ್. ಡಿಪೋದಲ್ಲಿ ಅವಳಿಗೆ ‘ಹೋಲ್ಡಾನ್’ ಅಂತಲೇ ಹೆಸರು. ಸೀಟಿ ಕೊಟ್ಟರೂ ಊದುವವಳಲ್ಲ. ಗಂಟಲಿನಿಂದಲೇ “ಹೋಲ್ಡಾನ್” ಎಂದಳೆಂದರೆ ಬಸ್ಸಷ್ಟೇ ಅಲ್ಲ, ಹಿಂದೆ ಬರುವ ಲಾರಿಯೂ ನಿಲ್ಲುತ್ತದೆ. ಸಂಜೆ ಮನೆಗೆ ಬಂದು, ಶೂ ಕಳಚಿ, ಊದಿದ ಪಾದಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು, “ಅತ್ತೆ, ಇವತ್ತು ಒಬ್ಬ ಹತ್ತಿದ್ದ ನೋಡಿ” ಎಂದು ಶುರು ಮಾಡಿದರೆ ನಾನು ಹೊಲಿಗೆ ಯಂತ್ರ ಬಿಟ್ಟು ಕೂರಲೇಬೇಕು. ಇಂಥ ಗಟ್ಟಿಗಿತ್ತಿಯನ್ನು ಒಂದು ಪುಟಾಣಿ ಮಾತ್ರೆ ತಬ್ಬಿಬ್ಬು ಮಾಡಿಬಿಟ್ಟಿತು.

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಿರಲಿಲ್ಲ. ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ನೋಡಿ, “ಗರ್ಭ ನಿಲ್ಲೋಕೆ ಬೇಕಾದ ಹಾರ್ಮೋನು ಸ್ವಲ್ಪ ಕಮ್ಮಿ ಇದೆ. ಆಸರೆಗೆ ಅಂತ ಮಾತ್ರೆ ಕೊಡ್ತೀನಿ” ಎಂದರು. ಅದರ ಹೆಸರು ಪ್ರೊಜೆಸ್ಟೆರಾನ್. ನನ್ನ ನಾಲಿಗೆಗೆ ಅದು ಹೊರಳುವುದುಂಟೇ? ನಾನು ‘ನಿಲ್ಲಿಸೋ ಮಾತ್ರೆ’ ಎಂದು ಕರೆದೆ. ನನ್ನ ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಕೂದಲೆಳೆಯ ವ್ಯತ್ಯಾಸಕ್ಕೂ ಬೆಚ್ಚುವ ಪ್ರಾಣಿ. “ಹಾಗನ್ಬೇಡಮ್ಮ, ಬೇರೆ ಅರ್ಥ ಬರುತ್ತೆ. ಏನನ್ನ ನಿಲ್ಲಿಸೋದು?” ಎಂದ.

“ನಿನ್ನ ಬಾಯಿ ನಿಲ್ಲಿಸೋದು” ಎಂದೆ.

ಮಾತ್ರೆ ಶುರುವಾದ ಮೇಲೆ ಶುರುವಾಯಿತು ನೋಡಿ ಗೊಂದಲ. ಡೀಸೆಲ್ ವಾಸನೆಗೇ ಅವಳಿಗೆ ವಾಕರಿಕೆ. ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಲ್ಲುವವಳಿಗೆ ತಲೆಸುತ್ತು, ಎದೆ ಬಿಗಿತ, ಕೂತಲ್ಲೇ ತೂಕಡಿಕೆ. ಮುಟ್ಟಿನ ದಿನವೂ ದಾಟಿತು. ಹೆತ್ತವಳು ನಾನು, ನನಗೆ ಗೊತ್ತಾಗುವುದಿಲ್ಲವೇ? ಆದರೆ ಡಾಕ್ಟರಮ್ಮ ಮೊದಲೇ ಹೇಳಿದ್ದರು: “ಇದೆಲ್ಲ ಮಾತ್ರೆಯಿಂದಲೂ ಆಗುತ್ತೆ. ರಕ್ತಪರೀಕ್ಷೆ ಆಗೋವರೆಗೂ ಏನೂ ಅಂದ್ಕೋಬೇಡಿ.” ಅಂದುಕೊಳ್ಳಬೇಡಿ ಎಂದರೆ ಮನಸ್ಸು ಕೇಳುತ್ತದೆಯೇ? ಮಗ ಅಟ್ಟದಿಂದ ತೊಟ್ಟಿಲು ಇಳಿಸಲು ಏಣಿ ಹಾಕಿದ. “ಕೂಸು ಹುಟ್ಟೋ ಮುಂಚೆ ಕುಲಾವಿ ಬೇಡ, ಇಳಿಯೋ” ಎಂದು ಬೈದೆ. ಬೈದು ಬಂದು, ಹೊಲಿದುಳಿದ ಬಟ್ಟೆಯ ಗಂಟಿನಲ್ಲಿ ಮೆತ್ತನೆಯ ತುಂಡುಗಳನ್ನು ನಾನೇ ಬೇರೆ ತೆಗೆದಿಟ್ಟೆ.

ರಕ್ತ ಕೊಟ್ಟ ದಿನ ನರ್ಸು ಮಧ್ಯಾಹ್ನ ಫೋನು ಮಾಡಿದಾಗ ಇವಳು ಬಸ್ಸಿನಲ್ಲಿದ್ದಳು. ಕಾಲಿಡಲು ಜಾಗವಿಲ್ಲ. ಒಂದು ಕಿವಿಗೆ ಫೋನು, ಇನ್ನೊಂದಕ್ಕೆ ಅಂಗೈ. “ನಿಂತಿ...” ಎಂದಿದ್ದು ಕೇಳಿಸಿತಂತೆ, ಅಷ್ಟರಲ್ಲಿ ಹಾರ್ನು. ಆಮೇಲೆ “ನಿಲ್ಲಿಸಿ” ಎಂದು ಸ್ಪಷ್ಟವಾಗಿ ಕೇಳಿಸಿತು. ಆದರೆ ಅದೇ ಹೊತ್ತಿಗೆ ಬಾಗಿಲ ಬಳಿ ಯಾರೋ ಮುದುಕರು ಇಳಿಯಲು ಕೂಗುತ್ತಿದ್ದರು. ನಿಲ್ಲಿಸಿ ಎಂದದ್ದು ನರ್ಸೋ, ಆ ಮುದುಕರೋ? ಬಸ್ಸು ನಿಂತಿತು, ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಊಟದ ಹೊತ್ತಿಗೆ ಮಾತ್ರೆಯನ್ನು ತಟ್ಟೆಯ ಪಕ್ಕ ಇಟ್ಟುಕೊಂಡು ಮೂವರೂ ಕೂತೆವು.

“ನಿಂತಿದೆ, ಮಾತ್ರೆ ನಿಲ್ಲಿಸಬೇಡಿ ಅಂದಿರ್ತಾರೆ” ಎಂದ ಮಗ.

“ನಿಂತಿಲ್ಲ, ನಿಲ್ಲಿಸಿ ಅಂದಿದ್ರೂ ಅಂದಿರಬಹುದು” ಎಂದಳು ಅವಳು.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಆ ಒಂದು ಮಾತು. ಗರ್ಭ ನಿಂತಿದ್ದು ಇವಳು ಮಾತ್ರೆ ಬಿಟ್ಟರೆ ಆಸರೆ ತಪ್ಪುತ್ತದೆ. ನಿಂತಿಲ್ಲದಿದ್ದರೆ ಈ ಮಾತ್ರೆ ಯಾಕೆ, ಯಾರಿಗೆ? ನನಗೆ ತಲೆಬುಡ ತಿಳಿಯಲಿಲ್ಲ. ನಾನೇ ‘ನಿಲ್ಲಿಸೋ ಮಾತ್ರೆ’ ಎಂದು ಬಾಯಿ ಬಡಿದುಕೊಂಡವಳು, ಈಗ ಆ ಪದ ಎತ್ತಲೂ ಹೆದರಿಕೆ.

“ಹತ್ತಿದಾರೋ ಇಲ್ವೋ ಗೊತ್ತಿಲ್ದೆ ರೈಟ್ ಅನ್ನೋಕಾಗಲ್ಲ” ಎಂದು ಸೊಸೆ ಮಾತ್ರೆ ನುಂಗಿ ನೀರು ಕುಡಿದಳು.

ಬೆಳಿಗ್ಗೆ ಆಸ್ಪತ್ರೆಗೆ ಅವಳ ಜೊತೆ ನಾನೇ ಹೋದೆ. ಗಾಜಿನ ಕಿಂಡಿಯ ಆಚೆ ಅದೇ ನರ್ಸು. “ನಿಂತಿಲ್ಲ ಅಂದೆನಲ್ಲಮ್ಮ ನಿನ್ನೆ. ಮಾತ್ರೆ ನಿಲ್ಲಿಸಿ. ಆಮೇಲೆ ಮುಟ್ಟಾಗುತ್ತೆ, ಆದ್ಮೇಲೆ ಡಾಕ್ಟರನ್ನ ಕಾಣಿ.”

“ಹಾಗಾದ್ರೆ ವಾಕರಿಕೆ?” ಎಂದಳು ಸೊಸೆ.

“ಅದು ಮಾತ್ರೆದು.”

“ತಲೆಸುತ್ತು?”

“ಅದೂ ಮಾತ್ರೆದೇ.”

“ಎದೆ ಬಿಗಿಯೋದು?”

ನರ್ಸು ಪೆನ್ನು ಕೆಳಗಿಟ್ಟು, “ಎಲ್ಲಾ ಮಾತ್ರೆದೇ ಕಣಮ್ಮ” ಎಂದಳು. ಒರಟಾಗಿ ಹೇಳಲಿಲ್ಲ, ಪಾಪ.

ಹೊರಗೆ ಬಂದು ಸ್ಟಾಪಿನ ಬೆಂಚಿನ ಮೇಲೆ ಕೂತೆವು. ನನಗೆ ಸಂಕಟ, ಆದರೆ ಯಾವುದಕ್ಕೆ ಎಂದು ತಿಳಿಯದು. ಗರ್ಭ ಹೋಗಿದ್ದರೆ ಹೇಳಲು ನಾಲ್ಕು ಮಾತುಗಳಿವೆ. ಬರದೇ ಇದ್ದುದಕ್ಕೆ ಯಾವ ಮಾತು ಹೇಳುವುದು? “ಹೋಗ್ಲಿ ಬಿಡು ಮಗಳೇ, ಏನೂ ಆಗಿಲ್ವಲ್ಲ” ಎಂದೆ. ಅದು ನಿಜವೂ ಆಗಿತ್ತು. ನಿಜವಾದ್ದರಿಂದಲೇ ನನ್ನ ಮೇಲೆ ನನಗೆ ಸಿಟ್ಟು ಬಂತು.

ನಮ್ಮ ಬಸ್ಸು ಬಂತು. ಕಂಡಕ್ಟರ್ ಇವಳನ್ನು ಗುರುತಿಸಿ, ಹತ್ತಲಿ ಎಂದು ಸ್ವಲ್ಪ ಹೊತ್ತು ಕಾದ. ಇವಳು ಏಳಲಿಲ್ಲ. ಅವನು ರೈಟ್ ಎಂದ, ಬಸ್ಸು ಹೊರಟಿತು.

“ನೀವಂದಿದ್ದು ಸರಿ ಅತ್ತೆ, ಯಾರೂ ಇಳಿದು ಹೋಗಿಲ್ಲ” ಎಂದಳು. ಸೆರಗಿನಿಂದ ಅವಳ ಮುಖ ಒರೆಸಲು ಹೋದೆ, ನನ್ನ ಕೈಯನ್ನೇ ಹಿಡಿದುಕೊಂಡಳು. “ಹತ್ತೇ ಇರ್ಲಿಲ್ಲ. ನಾನೇ ಟಿಕೆಟ್ ಹರಿದು ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ.”