ಕೆಂಪು ನಂಬರು, ನಾಲ್ಕು ಊರು

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಹಾಸನದಿಂದ ಅರಕಲಗೂಡಿನ ಬಸ್ಸು ಹೊರಟಾಗ ನನ್ನ ತೊಡೆಯ ಮೇಲೆ ನಂಬರ್ ಬಟ್ಟೆಗಳ ಚೀಲವಿತ್ತು, ಕೊರಳಲ್ಲಿ ಸೀಟಿ ಇತ್ತು. ಬೆಳಗಿನ ಕೆಲಸ ಸುಸೂತ್ರವಾಗಿ ಮುಗಿಯಿತೆಂಬ ಸಮಾಧಾನವೂ ಇತ್ತು. ಆ ಸಮಾಧಾನ ಊರಾಚೆ ಹೋಗುವ ತನಕವೂ ಬಾಳಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹಾಸನದ ಕಾಫಿಪುಡಿ ಕಂಪನಿಯೊಂದು ಹೆಣ್ಣುಮಕ್ಕಳಿಗಾಗಿ ನಾಲ್ಕು ಊರಿನ ಓಟ ಇಟ್ಟುಕೊಂಡಿತ್ತು. ಗುರುವಾರ ಹಾಸನ, ಶುಕ್ರವಾರ ಅರಕಲಗೂಡು, ಶನಿವಾರ ಹೊಳೆನರಸೀಪುರ, ಭಾನುವಾರ ಚನ್ನರಾಯಪಟ್ಟಣ. ದಿನಕ್ಕೆ ಹತ್ತು ಕಿಲೋಮೀಟರ್. ನಾಲ್ಕೂ ದಿನದ ಸಮಯ ಕೂಡಿಸಿ, ನಮ್ಮ ರಾಜ್ಯದವರಲ್ಲಿ ಯಾರು ಮುಂದಿರುತ್ತಾರೋ ಅವರ ಒಂದು ವರ್ಷದ ತರಬೇತಿ, ಊಟ, ವಸತಿ, ಬೂಟು ಎಲ್ಲ ಕಂಪನಿಯದು. ಅವರ ಫೋಟೋ ಕಾಫಿಪುಡಿ ಪೊಟ್ಟಣದ ಮೇಲೂ ಬರುತ್ತದೆ. ಮೈಸೂರಿನ ಕಾಲೇಜಿನಲ್ಲಿ ಓದುತ್ತಿದ್ದ ಇಬ್ಬರು ಕೀನ್ಯಾದ ಹುಡುಗಿಯರನ್ನೂ ಅತಿಥಿಗಳೆಂದು ಕರೆದಿದ್ದರು. ಅವರಿದ್ದರೆ ಬ್ಯಾನರಿನಲ್ಲಿ ‘ಅಂತಾರಾಷ್ಟ್ರೀಯ’ ಎಂದು ಬರೆಸಬಹುದಲ್ಲ. ನಮ್ಮವರಿಗೆ ಹಳದಿ ನಂಬರು, ಅತಿಥಿಗಳಿಗೆ ಕೆಂಪು. ಕೆಂಪಿನವರಿಗೆ ಆಯಾ ದಿನದ ಬಹುಮಾನ ಉಂಟು, ವರ್ಷದ ಪ್ರಾಯೋಜಕತ್ವ ಇಲ್ಲ.

ನಂಬರು ಹಂಚಿದವಳು ನಾನು; ಅತಿಥಿಗಳು ಎಷ್ಟು ಜನವೆಂದು ಆಗ ನನಗೆ ಯಾರೂ ಹೇಳಿರಲಿಲ್ಲ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಪೀಟಿ ಟೀಚರು. ‘ಪೂಜೆ ಮಾಡೋರ ಮನೆ ಮಗಳು ಸೀಟಿ ಊದ್ತಾಳೆ’ ಎಂದು ಊರಿನವರು ಆಡಿಕೊಂಡು ಆಡಿಕೊಂಡು ಸುಸ್ತಾಗಿ ಬಿಟ್ಟಿದ್ದರು.

ಬಸ್ಸಿನ ಕಂಡಕ್ಟರು ನನ್ನ ಹತ್ತಿರ ಬಂದು, ಹಿಂದಿನ ಸೀಟಿನಲ್ಲಿ ಕೂತಿದ್ದ ಹುಡುಗಿಯತ್ತ ಕಣ್ಣು ತೋರಿಸಿ, “ಮೇಡಂ, ಆ ಫಾರಿನ್ನೋರು ಎಲ್ಲಿಗೋಗ್ಬೇಕಂತೆ, ವಸಿ ಇಂಗ್ಲೀಷಲ್ಲಿ ಕೇಳ್ಬುಡಿ” ಅಂದ. ತಿರುಗಿ ನೋಡಿದೆ. ಬೆಳಿಗ್ಗೆ ನನ್ನ ಕೈಯಿಂದಲೇ ಕೆಂಪು ನಂಬರು ತೆಗೆದುಕೊಂಡವಳು. ಗುಂಗುರು ಕೂದಲು, ಕಪ್ಪು ಮೈಬಣ್ಣ, ಉದ್ದ ಕಾಲು. ಓಟದಲ್ಲಿ ಎರಡನೆಯವಳಾಗಿ ಬಂದಿದ್ದಳು. ನನಗೆ ಬರುವ ನಾಲ್ಕು ಮಾತು ಇಂಗ್ಲಿಷನ್ನು ನಾನು ಜೋಡಿಸಿಕೊಳ್ಳುತ್ತಿರುವಾಗಲೇ ಅವಳು ಕೈ ಚಾಚಿದಳು.

“ಅರಕಲಗೂಡು ಒಂದು ಕೊಡ್ರಿ. ಚಿಲ್ರೆ ಐತಿ.”

ಕಂಡಕ್ಟರು ನಕ್ಕು ಚೀಟಿ ಹರಿದ. ನನಗೆ ನಗು ಬರಲಿಲ್ಲ. ಎದ್ದು ಹೋಗಿ ಅವಳ ಪಕ್ಕ ಕೂತೆ.

ಹೆಸರು ಫಿಲೋಮಿನಾ. ಯಲ್ಲಾಪುರದ ಕಡೆಯ ಸಿದ್ದಿ ಜನ. ಅವಳ ಮುತ್ತಾತನ ಮುತ್ತಾತಂದಿರು ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ಬಂದವರಿರಬಹುದು. ಅವಳು ಮಾತ್ರ ಹುಟ್ಟಿದ್ದು ಇಲ್ಲೇ, ಮೂರು ವರ್ಷದಿಂದ ಇರುವುದು ಹಾಸನದ ಕ್ರೀಡಾ ಹಾಸ್ಟೆಲ್ಲಿನಲ್ಲಿ. ಬರುವ ಮಾರ್ಚಿಗೆ ಹಾಸ್ಟೆಲ್ಲಿನ ಅವಧಿ ಮುಗಿಯುತ್ತದೆ. ಆಮೇಲೂ ಓಡಬೇಕೆಂದರೆ ಈ ಕಂಪನಿಯ ಆಸರೆ ಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಊರಿಗೆ. ಅದಕ್ಕೇ ಬಂದಿದ್ದಳು, ಮತ್ತು ನಾನು ಅವಳ ಮುಖ ನೋಡಿ, ಹೆಸರು ಕೇಳಿ, ಊರು ಕೇಳದೆ ಕೆಂಪು ನಂಬರು ಚುಚ್ಚಿ ಕಳಿಸಿದ್ದೆ.

“ಆಗಲೇ ಹೇಳಬಾರದಿತ್ತೇನೇ?” ಅಂದೆ. ತಪ್ಪು ಮಾಡಿದವರಿಗೇ ಸಿಟ್ಟು ಮೊದಲು ಬರುವುದು.

“ಅತಿಥಿ ಅಂದ್ರ ಮರ್ಯಾದಿ ಕೊಟ್ಟಾರ ಅಂದ್ಕೊಂಡೆ. ಕೆಂಪಿಗೆ ಬ್ಯಾರೆ ಲೆಕ್ಕ ಅಂತ ಓಟ ಮುಗದ ಮ್ಯಾಲೆ ತಿಳೀತು.” ಕಿಟಕಿಯ ಹೊರಗೆ ನೋಡುತ್ತಾ ಸೇರಿಸಿದಳು, “ಯಾ ದೇಶ ಅಂತ ದಿನಾ ಯಾರರ ಒಬ್ರು ಕೇಳ್ತಾರ. ಎಷ್ಟ್ ಮಂದಿಗಂತ ಹೇಳೂದ್ರಿ ಮೇಡಂ?”

ಅರಕಲಗೂಡು ತಲುಪಿದಾಗ ಬಿಸಿಲು ಇಳಿದಿತ್ತು. ತಂಬಾಕಿನ ಹರಾಜಿನ ಕಾಲ. ರಾಮನಾಥಪುರದ ಹರಾಜುಕಟ್ಟೆಗೆ ತಂಬಾಕಿನ ಮೂಟೆ ಹೊತ್ತ ಟೆಂಪೋಗಳು ಸಾಲಾಗಿ ನಿಂತಿದ್ದವು, ಊರಿಗೆ ಊರೇ ತಂಬಾಕಿನ ವಾಸನೆ. ಓಟಗಾರ್ತಿಯರಿಗೆ ಶಾಲೆಯೊಂದರಲ್ಲಿ ವಸತಿ. ನಾನು ನೆಟ್ಟಗೆ ಕಂಪನಿಯ ಮ್ಯಾನೇಜರ ಬಳಿ ಹೋಗಿ ವಿಷಯ ಹೇಳಿದೆ. ಅವರು ಬ್ಯಾನರ್ ಕಟ್ಟಿಸುತ್ತಿದ್ದರು.

“ಪಟ್ಟಿ ಪೇಪರಿಗೆ ಹೋಗಾಯ್ತು ಮೇಡಂ. ಮೂರು ಜನ ಫಾರಿನ್ ಅಂತ ಕೊಟ್ಟಿದೀವಿ. ಇಬ್ಬರನ್ನ ಇಟ್ಕೊಂಡು ಅಂತಾರಾಷ್ಟ್ರೀಯ ಅಂದ್ರೆ ಜನ ನಗಲ್ವಾ?” ಅಂದರು. “ಬೇಕಾದ್ರೆ ತಪ್ಪು ನಿಮ್ಮದು ಅಂತ ಬರೆದು ಕೊಡಿ, ಮಾಲೀಕರು ಭಾನುವಾರ ಬರ್ತಾರೆ, ನೋಡೋಣ.”

ಬರೆದು ಕೊಡುವುದು ಕಷ್ಟವಲ್ಲ. ಆದರೆ ನಾನು ಅಂದು ಬರೆಯಲಿಲ್ಲ. ಕಾರಣ ಸವಿತಾ. ನನ್ನದೇ ಶಾಲೆಯ ಹುಡುಗಿ, ಐದು ವರ್ಷ ಹೇಮಾವತಿಯ ದಂಡೆಯ ಮೇಲೆ ಬೆಳಗಿನ ಜಾವ ಓಡಿಸಿ ನಾನೇ ತಯಾರು ಮಾಡಿದವಳು. ಹಳದಿ ನಂಬರಿನವರಲ್ಲಿ ಅವಳೇ ಮೊದಲು. ಫಿಲೋಮಿನಾ ಕೆಂಪಿನಲ್ಲೇ ಉಳಿದರೆ ಒಂದು ವರ್ಷದ ಆಸರೆ ನನ್ನ ಸವಿತಾಗೆ. ಮನಸ್ಸು ಎಷ್ಟು ಕಳ್ಳ ಎಂದರೆ, ‘ಮ್ಯಾನೇಜರಿಗೆ ಹೇಳಿದೆನಲ್ಲ, ನನ್ನ ಕೆಲಸ ಮುಗಿಯಿತು’ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಂಜೆಯೂಟಕ್ಕೆ ರಾಗಿಮುದ್ದೆ, ಅವರೆಕಾಳಿನ ಸಾರು. ಬಡಿಸಿದವಳು ಅಲ್ಲಿಯ ಅಡುಗೆಯ ನಿಂಗಮ್ಮ. ಕೀನ್ಯಾದ ಗ್ರೇಸ್ ಮುದ್ದೆ ಕಂಡವಳೇ ಮುಖ ಅರಳಿಸಿ, ಮುರಿದು, ಅದ್ದಿ, ಗುಳುಂ ಎಂದು ನುಂಗಿದಳು. ಅವರ ಮನೆಯಲ್ಲೂ ದಿನಾ ಇದೇ ಅಂತೆ, ಮೆಕ್ಕೆಜೋಳದ ಹಿಟ್ಟಿನದು. ಅನ್ನ ತಿಂದು ಬೆಳೆದು ಹಾಸ್ಟೆಲ್ಲಿನಲ್ಲೂ ಮುದ್ದೆ ಮುಟ್ಟದ ಫಿಲೋಮಿನಾ ಮಾತ್ರ ಮುದ್ದೆಯನ್ನು ಅಗಿದು ಅಗಿದು ಕಣ್ಣಲ್ಲಿ ನೀರು ತಂದುಕೊಂಡಳು. ಅದು ಹಲ್ಲಿಗೆ ಮೆತ್ತಿಕೊಂಡು ಕೂತುಬಿಟ್ಟಿತ್ತು.

ನಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಗ್ರೇಸಳನ್ನು ತೋರಿಸಿದಳು. “ನೋಡಿ ಮೇಡಂ, ಇವ್ಳೇ ನಮ್ಮೋಳು ಕಣ್ರವ್ವ. ಅವ್ಳೇ ಫಾರಿನ್ನು.”

ಎಲ್ಲರಿಗಿಂತ ಜೋರಾಗಿ ನಕ್ಕವಳು ಫಿಲೋಮಿನಾ. ಆದರೆ ಮಾರನೆಯ ಬೆಳಿಗ್ಗೆಯ ಓಟವನ್ನು ಹೊಟ್ಟೆ ಹಿಡಿದುಕೊಂಡೇ ಓಡಿದಳು. ಗ್ರೇಸ್ ಮೊದಲು, ಸವಿತಾ ಎರಡನೆಯವಳು, ಇವಳು ಆರನೆಯವಳು. ಎರಡು ದಿನದ್ದು ಕೂಡಿಸಿದರೆ ಸವಿತಾಗಿಂತ ಅರ್ಧ ನಿಮಿಷ ಹಿಂದೆ. ಇದನ್ನು ಕಂಡು ನನಗೆ ಹಗುರವೆನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಎಲ್ಲರೂ ಕಂಪನಿಯ ವ್ಯಾನಿನಲ್ಲಿ ಹೊರಟೆವು. ರಸ್ತೆಯ ಪಕ್ಕ ಶುಂಠಿ ಕಿತ್ತು ರಾಶಿ ಹಾಕಿದ್ದರು. ದಾರಿಯಲ್ಲಿ ಒಬ್ಬ ಹುಡುಗಿಯ ಅಪ್ಪ, “ಆಫ್ರಿಕಾದೋರು ಹುಟ್ತಾನೇ ಓಡೋರು ಸಾ. ನಮ್ ಮಕ್ಳನ್ನ ಅವ್ರ ಜೊತೆ ಬುಡೋದು ಯಾವ ನ್ಯಾಯ?” ಎಂದು ಡ್ರೈವರನ ಹತ್ತಿರ ತಕರಾರು ತೆಗೆದ. ಮೈಸೂರಿನಲ್ಲಿ ಮೂರು ವರ್ಷ ಕಳೆದ ಗ್ರೇಸಳಿಗೆ ಅಷ್ಟು ಕನ್ನಡ ಅರ್ಥವಾಗುತ್ತಿತ್ತು. “ನಮ್ಮ ಅಕ್ಕ ಬಸ್ಸು ಹಿಡಿಯೋಕೂ ಓಡಲ್ಲ. ಬಸ್ಸು ಹೋಗ್ತದೆ, ಅವಳು ಅಳ್ತಾಳೆ” ಅಂದಳು. ಆ ಅಪ್ಪನೂ ನಕ್ಕುಬಿಟ್ಟ.

ಶುಕ್ರವಾರ ಸಂಜೆ ಫಿಲೋಮಿನಾಳನ್ನು ಮನೆಗೆ ಕರೆದುಕೊಂಡು ಹೋದೆ. ಹೊಟ್ಟೆಗೆ ಮಜ್ಜಿಗೆ ಅನ್ನ ಹಾಕಿಸೋಣ ಎಂದು. ನಮ್ಮಮ್ಮನಿಗೆ ವಿಷಯವೆಲ್ಲ ಹೇಳಿದ್ದೆ. ಆದರೂ ಅವರು ಅವಳನ್ನು ನೋಡಿದ ತಕ್ಷಣ ಗಾಜಿನ ಬೀರು ತೆಗೆದು, ಹೂವಿನ ಚಿತ್ರದ ಪಿಂಗಾಣಿ ಕಪ್ಪು ಸಾಸರು ಹೊರತೆಗೆದು, ಇದೇ ಕಂಪನಿಯ ಪುಡಿಯ ಕಾಫಿ ಬಗ್ಗಿಸಿ ಕೊಟ್ಟರು. ಅವು ಹೊರಬೀಳುವುದು ವರ್ಷಕ್ಕೊಮ್ಮೆ, ಸಾಹೇಬರುಗಳು ಯಾರಾದರೂ ಬಂದರೆ. ಮನೆಯವರಿಗೆಲ್ಲ ಹಿತ್ತಾಳೆಯ ಲೋಟ. ಅಮ್ಮ ಪ್ರೀತಿಯಿಂದಲೇ ಕೊಟ್ಟದ್ದು.

ಫಿಲೋಮಿನಾ ಕಪ್ಪನ್ನು ನೋಡಿದಳು, ನಮ್ಮ ಲೋಟಗಳನ್ನು ನೋಡಿದಳು. “ಅಮ್ಮಾ, ನಂಗೂ ಲೋಟದಾಗ ಕೊಡ್ರಿ” ಅಂದಳು ಮೆಲ್ಲಗೆ.

ಅಮ್ಮ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಅದೇ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟು, ಅವಳು ಒಳಗೆ ಕೈ ತೊಳೆಯಲು ಹೋದಾಗ ನನಗೆ ಹೇಳಿದರು. “ನಾನು ಕಪ್ಪು ಕೊಟ್ಟು ತಿದ್ಕೊಂಡೆ. ನೀನು ನಂಬರು ಕೊಟ್ಟು ಎರಡು ದಿನ ಆಯ್ತು.”

ಮಾರನೆಯ ಬೆಳಿಗ್ಗೆ ಓಟಕ್ಕೆ ಮೊದಲು ಹೊಳೆಯ ಸೇತುವೆಯ ಹತ್ತಿರ ಸವಿತಾಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ನದಿಯ ಮೇಲೆ ಮಂಜಿತ್ತು, ಅವಳು ಕೈ ಉಜ್ಜಿಕೊಳ್ಳುತ್ತಿದ್ದಳು.

“ನಂಬರು ನಾನ್ ಕೊಟ್ಟಿಲ್ಲ ಮಿಸ್, ನೀವ್ ಕೊಟ್ಟಿದ್ದು. ನೀವೇ ಓಗಿ ಯೋಳಿ” ಅಂದಳು. “ಆದ್ರೆ ನಾನೇನು ಬಿಟ್ಕೊಡಕಿಲ್ಲ. ಓಡ್ತೀನಿ.”

ಓಡಿದಳು ಕೂಡ. ಆ ದಿನ ಫಿಲೋಮಿನಾ ಅವಳಿಗಿಂತ ಹತ್ತು ಸೆಕೆಂಡು ಮಾತ್ರ ಮುಂದೆ. ಒಟ್ಟಿನಲ್ಲಿ ಸವಿತಾ ಇನ್ನೂ ಇಪ್ಪತ್ತು ಸೆಕೆಂಡು ಮುಂದಿದ್ದಳು. ಸಂಜೆ ಕೂತು ಕಾಗದ ಬರೆದೆ. ನಾಲ್ಕು ಸಾಲು ಬರೆಯಲು ಆರು ಹಾಳೆ ಹರಿದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಚನ್ನರಾಯಪಟ್ಟಣಕ್ಕೆ ಹೊರಟೆವು, ಮೂವತ್ತೈದು ಕಿಲೋಮೀಟರ್. ಮಾಲೀಕರು ಆಗಲೇ ಬಂದಿದ್ದರು. ಬಿಳಿ ಪಂಚೆ, ಬಿಳಿ ಷರಟು, ಮೈಯೆಲ್ಲ ಹುರಿದ ಕಾಫಿಯ ಘಮ. ಮ್ಯಾನೇಜರು ತಡೆಯುವ ಮೊದಲೇ ಕಾಗದ ಅವರ ಕೈಗಿಟ್ಟೆ. ಓದಿ, ಕನ್ನಡಕ ತೆಗೆದು, ಫಿಲೋಮಿನಾಳನ್ನು ಕರೆಸಿದರು.

“ನಮ್ ಪುಡಿ ಕಾಫಿ ಕುಡಿದಿದೀಯೇನಮ್ಮ?”

“ಮೇಡಂ ಮನ್ಯಾಗ ಕುಡದೇನ್ರಿ. ಚಿಕೋರಿ ಜಾಸ್ತಿ ಆಗೇತಿ.”

ಮ್ಯಾನೇಜರ ಮುಖ ಹುಳ್ಳಗಾಯಿತು. ಮಾಲೀಕರು ಮಾತ್ರ ಹೊಟ್ಟೆ ಕುಲುಕಿ ನಕ್ಕರು. “ನನ್ನ ಹೆಂಡ್ತಿಯೂ ಅದನ್ನೇ ಹೇಳ್ತಾಳೆ. ಇವಳು ನಮ್ಮೋಳೇ, ನಂಬರು ಬದಲಾಯಿಸಿ” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ತಪ್ಪು ಯಾರದು ಅಂತ ಮೈಕಲ್ಲಿ ನೀವೇ ಹೇಳ್ಬೇಕು ಮೇಡಂ. ಇಲ್ದಿದ್ರೆ ಕೊನೇ ದಿನ ಕಂಪನಿ ಮೋಸ ಮಾಡ್ತು ಅಂತಾರೆ ಜನ” ಅಂದರು.

ಮೈಕು ಕೈಗೆ ತೆಗೆದುಕೊಂಡೆ. ಮುಖ ನೋಡಿ ಊರು ನಿರ್ಧರಿಸಿದೆ, ಕೇಳಲಿಲ್ಲ, ಗೊತ್ತಾದ ಮೇಲೂ ಮೂರು ದಿನ ಬರೆದು ಕೊಡಲಿಲ್ಲ ಎಂದು ಹೇಳಿದೆ. ಯಾಕೆ ಕೊಡಲಿಲ್ಲ ಎಂಬುದನ್ನೂ ಹೇಳಿದೆ. ಗುಂಪಿನಲ್ಲಿದ್ದ ಸವಿತಾಳ ಅಪ್ಪ ಮುಖ ತಿರುಗಿಸಿ ನಿಂತರು. ಯಾರೋ, “ಕಳ್ದ ಮೂರು ದಿನದ್ದು ಎಂಗೆ ಲೆಕ್ಕಕ್ ತಗೋತೀರಾ?” ಎಂದು ಕೂಗಿದರು. ಉತ್ತರ ಕೊಟ್ಟವಳು ಸವಿತಾ. “ಗಡಿಯಾರಕ್ಕೆ ಯಾವ ಬಣ್ಣವೂ ಕಾಣಕಿಲ್ಲ ಬುಡಿ. ಸೀಟಿ ಊದಿ ಮಿಸ್.”

ಫಿಲೋಮಿನಾಳ ಎದೆಗೆ ಹಳದಿ ನಂಬರು ಚುಚ್ಚುವಾಗ ಪಿನ್ನು ನನ್ನ ಬೆರಳಿಗೇ ಚುಚ್ಚಿತು. ಸೀಟಿ ಊದಿದೆ. ತೆಂಗಿನ ತೋಟಗಳ ನಡುವಿನ ದಾರಿ, ಇಬ್ಬನಿ ಆರದ ಟಾರು. ಆರನೆಯ ಕಿಲೋಮೀಟರಿನವರೆಗೆ ಗ್ರೇಸ್, ಸವಿತಾ, ಫಿಲೋಮಿನಾ ಮೂವರೂ ಒಂದೇ ಗುಂಪಾಗಿದ್ದರು ಎಂದು ಬೈಕಿನವರು ಬಂದು ಹೇಳಿದರು. ನಾನು ಯಾರ ಹೆಸರನ್ನೂ ದೇವರ ಮುಂದೆ ಇಡಲಿಲ್ಲ. ಇಡಲು ಬಾಯಿಯಿರಲಿಲ್ಲ.

ತಿರುವಿನಲ್ಲಿ ಮೊದಲು ಗ್ರೇಸ್ ಕಂಡಳು. ಅವಳ ಹಿಂದೆಯೇ ಫಿಲೋಮಿನಾ. ಗ್ರೇಸ್ ಓಡುತ್ತಲೇ ಹಿಂದೆ ತಿರುಗಿ, “ಬಾ, ಬಾ, ಬೇಗ ಬಾ” ಎಂದು ಕನ್ನಡದಲ್ಲಿ ಕರೆಯುತ್ತಿದ್ದಳು. ಅವರಿಬ್ಬರೂ ಗೆರೆ ದಾಟಿದ ಮೇಲೆ ನಾನು ಗಡಿಯಾರ ನೋಡುತ್ತಾ ನಿಂತೆ. ಇಪ್ಪತ್ತು ಸೆಕೆಂಡು ಕಳೆಯಿತು. ಸವಿತಾ ತಿರುವಿನಲ್ಲಿ ಆಗಷ್ಟೇ ಕಂಡಿದ್ದಳು. ಅವಳು ಬಂದು ಮುಟ್ಟಿದಾಗ ಮೂವತ್ತೊಂದು. ನಾಲ್ಕೂ ದಿನದ ಲೆಕ್ಕದಲ್ಲಿ ಫಿಲೋಮಿನಾ ಹನ್ನೊಂದು ಸೆಕೆಂಡು ಮುಂದೆ.

ಸವಿತಾ ಕೆಳಗೆ ಕೂತು ಅತ್ತಳು. ನಾನು ಹತ್ತಿರ ಹೋದರೆ ಕೈ ಕೊಡವಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ನೀರಿನ ತಂಬಿಗೆ ಹಿಡಿದು ಫಿಲೋಮಿನಾಳ ಬಳಿ ಹೋಗಿ, “ಬರೋ ವರ್ಸ ಮುದ್ದೆ ನುಂಗೋದು ಕಲ್ತ್ಕೊಂಡು ಬಾ, ಆಗ ನೋಡ್ಕೋತೀನಿ” ಅಂದಳು. ನನ್ನ ಜೊತೆ ಮಾತಾಡಲು ಅವಳಿಗೆ ಇನ್ನೂ ಎರಡು ವಾರ ಬೇಕಾಯಿತು.

ಬಹುಮಾನದ ಹೊತ್ತಿಗೆ ಮ್ಯಾನೇಜರು ಮಾಲೀಕರ ಕಿವಿಯಲ್ಲಿ, ಪೊಟ್ಟಣದ ಮೇಲೆ ಈ ಮುಖ ಹಾಕಿದರೆ ಜನ ಪರದೇಶದ ಕಾಫಿ ಅಂದುಕೊಳ್ಳುತ್ತಾರೆ ಎಂದು ಪಿಸುಗುಟ್ಟಿದರು. ಪಿಸುಮಾತು ನನಗೂ ಕೇಳಿತು, ಫಿಲೋಮಿನಾಗೂ ಕೇಳಿತು. ಅವಳು ಮುಂದೆ ಬಂದು, “ಫೋಟೋದ ಕೆಳಗ ನಮ್ಮ ಊರ ಹೆಸ್ರು ಬರೀರಿ. ದಪ್ಪಗ” ಅಂದಳು. ಮಾಲೀಕರು ಜೇಬಿನಿಂದ ಪೆನ್ನು ತೆಗೆದು ಒಪ್ಪಂದದ ಕಾಗದದ ಮೇಲೇ ಅದನ್ನು ಬರೆದುಕೊಂಡರು.

ಮಧ್ಯಾಹ್ನ ನಾನೂ ಫಿಲೋಮಿನಾಳೂ ಹಾಸನದ ಬಸ್ಸು ಹತ್ತಿದೆವು; ನಾನು ನಂಬರ್ ಚೀಲವನ್ನು ಕಂಪನಿಗೆ ಒಪ್ಪಿಸಬೇಕಿತ್ತು. ಹಳದಿ ನಂಬರನ್ನು ಅವಳು ಇನ್ನೂ ಬಿಚ್ಚಿರಲಿಲ್ಲ. ಕಂಡಕ್ಟರು ಬಂದು ನನ್ನನ್ನೇ ಕೇಳಿದ, “ಇವ್ರು ಎಲ್ಲಿಗೆ ಮೇಡಂ?” ನಾನು, “ಅವರನ್ನೇ ಕೇಳಿ” ಅಂದೆ. ಅವಳು ಹಾಸನಕ್ಕೆ ಎರಡು ಟಿಕೆಟ್ ತೆಗೆದುಕೊಂಡಳು. ಕಂಡಕ್ಟರು ಕಣ್ಣರಳಿಸಿ, “ಯಾವೂರವ್ವ ನಿಮ್ದು?” ಅಂದ.

“ಯಲ್ಲಾಪುರ.”

“ಅದು ಆಫ್ರಿಕಾದಲ್ಲಿ ಎಲ್ಲಿ ಬತ್ತದೆ?”

ನಾಲ್ಕು ಊರು ಸುತ್ತಿ ಮತ್ತೆ ಅಲ್ಲಿಗೇ ಬಂದೆವಲ್ಲ ಅನಿಸಿತು. ಫಿಲೋಮಿನಾ ಕಿಟಕಿಯ ಕಡೆ ತಿರುಗುತ್ತಾಳೆಂದು ಕಾದೆ. ಅವಳು ತಿರುಗಲಿಲ್ಲ. ಸೀಟಿನ ತುದಿಗೆ ಸರಿದು ಜಾಗ ಮಾಡಿ, “ಕುಂದ್ರಿ ಅಣ್ಣಾ, ಹೇಳ್ತೇನಿ” ಅಂದಳು. ಹುಬ್ಬಳ್ಳಿಯಿಂದ ಶುರು ಮಾಡಿ ಘಟ್ಟದ ಕಾಡು, ಅವಳ ಊರು, ಅವರ ಮನೆ, ಕುಣಿಯುವ ಅಜ್ಜಿ ಎಲ್ಲ ಬಂದವು. ಕಂಡಕ್ಟರು ಚೀಲ ಮಡಿಲಲ್ಲಿಟ್ಟುಕೊಂಡು ಕೇಳುತ್ತಾ ಕೂತ. ಶಾಂತಿಗ್ರಾಮದಲ್ಲಿ ಸೀಟಿ ಊದುವುದನ್ನೇ ಮರೆತ. ಇಳಿಯಬೇಕಾದವರು ಬೈಯತೊಡಗಿದಾಗ ನಾನೇ ಕೊರಳಿನ ಸೀಟಿ ತೆಗೆದು ಊದಿ ಬಸ್ಸು ನಿಲ್ಲಿಸಿದೆ.